ಮೆಂತೆ ನೆನೆಸಿ ಅರೆ ಸೇರಿಸು

ನನ್ನ ಅಕ್ಕನಿಗೆ ಮದುವೆಯಾದದ್ದು ಒಂದು ಅಲ್ಪವಿರಾಮದ ದೆಸೆಯಿಂದ. ಇರಬೇಕಾದ ಜಾಗದಲ್ಲಿ ಅದು ಇರಲಿಲ್ಲ, ಹಾಕದೆ ಬಿಟ್ಟವಳು ನಾನು. ಅಕ್ಕ ಇದನ್ನು ಒಪ್ಪುವುದಿಲ್ಲ. ತನ್ನ ಮದುವೆ ತನ್ನ ಬಾಯಿಯಿಂದಲೇ ಆಯಿತು ಎನ್ನುತ್ತಾಳೆ. ಅವಳ ಮಾತಿನಲ್ಲೂ ಅರ್ಧ ಸತ್ಯ ಇದೆ, ಆದರೆ ಬರೆಯುವವಳು ನಾನಾದ್ದರಿಂದ ನನ್ನ ಅರ್ಧವನ್ನು ಮೊದಲು ಹೇಳುತ್ತೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಗುತ್ತಿಗಾರಿನಿಂದಲೂ ಒಳಗೆ, ಬಸ್ಸಿನ ಹಾರನ್ನು ಕೂಡ ಕೇಳಿಸದ ಕಡೆ. ಅಕ್ಕನಿಗೆ ಇಪ್ಪತ್ತು, ನನಗೆ ಹದಿನಾಲ್ಕು. ಅವಳು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದಳು. ನಾನು ಎಂಟನೆಯದಕ್ಕೆ ಬಂದಿದ್ದೆ ಮತ್ತು ಅದನ್ನು ಮನೆಯಲ್ಲಿ ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದೆ.

ಆಗೆಲ್ಲ ಹುಡುಗಿ ನೋಡಲು ಬಂದವರು ಹುಡುಗಿಗಿಂತ ಮೊದಲು ಗೋಡೆ ನೋಡುತ್ತಿದ್ದರು. ಚಾವಡಿಯ ಗೋಡೆಯಲ್ಲಿ ಕಸೂತಿ ಹಾಕಿದ ‘ಸುಸ್ವಾಗತ’, ಮಣಿಯ ಗಿಳಿ, ಬಣ್ಣದ ನೂಲಿನ ಹೂಬುಟ್ಟಿ ಏನಾದರೂ ಇರಬೇಕು. ಹುಡುಗಿಯ ತಾಯಿ ಅದರತ್ತ ನೋಡಿಯೂ ನೋಡದ ಹಾಗೆ ಮಾಡಿ, “ಅದು ಇವಳೇ ಮಾಡಿದ್ದು” ಎನ್ನಬೇಕು. ನಮ್ಮ ಗೋಡೆಯಲ್ಲಿದ್ದದ್ದು ಹೋದ ವರ್ಷದ ಒಂದು ಕ್ಯಾಲೆಂಡರು. ಅಕ್ಕ ಮರ ಹತ್ತುತ್ತಿದ್ದಳು, ತುಂಬಿದ ಹೊಳೆ ಈಜುತ್ತಿದ್ದಳು, ಕರು ಹಾಕಲು ಕಷ್ಟಪಡುವ ದನದ ಪಕ್ಕ ಕುಳಿತು ಕರುವನ್ನು ಎಳೆದು ತೆಗೆಯುತ್ತಿದ್ದಳು. ಅದನ್ನೆಲ್ಲ ಗೋಡೆಗೆ ನೇತುಹಾಕುವಂತಿರಲಿಲ್ಲ. “ಹುಡುಗಿಗೆ ಕೈಕೆಲಸ ಎಂತೆಲ್ಲ ಬರ್ತದೆ?” ಎಂದು ಕೇಳಿದ ಎರಡು ಕಡೆಯವರು ಅವ್ವನ ಮುಖವನ್ನೂ ಕ್ಯಾಲೆಂಡರನ್ನೂ ನೋಡಿ ಹೋದವರು ಮತ್ತೆ ಸುದ್ದಿಯೇ ಕಳಿಸಲಿಲ್ಲ.

ಮೂರನೆಯದು ಜಾಲ್ಸೂರಿನ ಸಂಬಂಧ. ಮೊದಲೆರಡಕ್ಕೆ ತಲೆಯನ್ನೇ ಎತ್ತದಿದ್ದ ಅಕ್ಕ ಇದಕ್ಕೆ ಮಾತ್ರ ಅಪ್ಪನನ್ನು ಕೇಳಿದಳು: “ಅವರ ಮನೆ ಎದುರೇ ಬಸ್ಸು ಹೋಗ್ತದಂತೆ, ಹೌದಾ?” ಹೌದು ಎಂದು ತಿಳಿದ ಮೇಲೆ ಅವಳು ದಿನಕ್ಕೆರಡು ಸಲ ತಲೆ ಬಾಚತೊಡಗಿದಳು. ಒಂದು ಸಂಜೆ ದನದ ಹಟ್ಟಿಯಲ್ಲಿ ನನ್ನ ಕೈ ಹಿಡಿದು, “ಇದು ತಪ್ಪಿದ್ರೆ ನಂಗೆ ತಡ್ಕೊಳ್ಳಿಕ್ಕೆ ಆಗುದಿಲ್ಲ ಮಾರಾಯ್ತಿ. ಎಲ್ಲಿಗೂ ಹೋಗ್ಲಿಕ್ಕಿಲ್ಲದಿದ್ರೂ ಬಸ್ಸು ಹತ್ತಿ ಪುತ್ತೂರಿಗೆ ಹೋಗಿ ಸುಮ್ಮನೆ ವಾಪಾಸು ಬರ್ಬೇಕು ನಂಗೆ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಬಸ್ಸಿಗಾಗಿ ಅಳುವವರನ್ನು ನಾನು ಅದೇ ಮೊದಲು ನೋಡಿದ್ದು. ನಗು ಬಂತು, ಆದರೆ ನಗಲಿಲ್ಲ.

ಅವ್ವನಿಗೆ ಉಪಾಯ ಹೊಳೆದದ್ದು ನನ್ನಿಂದ. ರಾಜ್ಯ ಒಂದಾದ ಮೇಲೆ ನಮ್ಮ ಶಾಲೆಗೆ ಘಟ್ಟದ ಮೇಲಿನಿಂದ, ಮೈಸೂರು ಕಡೆಯಿಂದ, ಒಬ್ಬರು ಕ್ರಾಫ್ಟ್ ಟೀಚರು ಬಂದಿದ್ದರು. ಅವರು ನಮಗೆ ಸುಡದ ಮಣ್ಣಿನಲ್ಲಿ ಗೋಡೆಗೆ ನೇತುಹಾಕುವ ಗೊಂಬೆ ಮಾಡುವುದನ್ನು ಕಲಿಸಿದ್ದರು. ಜೇಡಿಮಣ್ಣಿಗೆ ಕುಟ್ಟಿದ ಕಾಗದವನ್ನೂ ಮೆಂತೆಯ ಅಂಟನ್ನೂ ಕಲಸಿ, ಬೇಕಾದ ಆಕಾರ ಮಾಡಿ, ಬರೀ ಗಾಳಿಗೆ ಒಣಗಿಸುವುದು. ಬೆಂಕಿ ಬೇಡ, ಬಿಸಿಲೂ ಬೇಡ. ಅವರು ಅದಕ್ಕೆ ‘ವಾಲ್ ಹ್ಯಾಂಗಿಂಗ್’ ಎನ್ನುತ್ತಿದ್ದರು. ನಾನು ಶಾಲೆಯಲ್ಲಿ ಮಾಡಿದ ಗಿಳಿ ಪುತ್ತೂರಿನ ಪ್ರದರ್ಶನಕ್ಕೆ ಹೋಗಿ ತಿರುಗಿ ಬಂದಿರಲಿಲ್ಲ. ಅದು ಚೆನ್ನಾಗಿದ್ದುದಕ್ಕೇ ಯಾರೋ ಹೊಡೆದುಕೊಂಡರು ಎಂಬುದು ನನ್ನ ನಂಬಿಕೆ.

“ನೀನು ಒಂದು ನವಿಲು ಮಾಡು. ಅಕ್ಕ ಮಾಡಿದ್ದು ಅಂತ ಹೇಳುವ” ಎಂದಳು ಅವ್ವ.

ನನಗೆ ಮೈಯೆಲ್ಲ ಉರಿಯಿತು. ನನ್ನ ನವಿಲನ್ನು ಅಕ್ಕನ ಹೆಸರಿಗೆ ಬರೆದುಕೊಡುವುದೇ? ಆಗುವುದಿಲ್ಲ ಎಂದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರೆ ಹಿರಿಯರು ಎಂದು ಅವ್ವ ಹೇಳಿದಳು. ಸುಳ್ಳಿಗೆ ಹೆದರುವ ಅಪ್ಪ ನಡುವೆ ಬಂದರು. “ದೊಡ್ಡವಳೂ ಸ್ವಲ್ಪ ಕೈ ಹಾಕಲಿ. ಆಗ ಸುಳ್ಳು ಅರ್ಧವೇ ಆಗ್ತದೆ.” ಕೊನೆಗೆ, ಹಟ್ಟಿಯಿಂದ ಗೊಬ್ಬರ ಹೊರುವ ನನ್ನ ಪಾಲಿನ ಕೆಲಸವನ್ನು ಅಕ್ಕ ಒಂದು ತಿಂಗಳು ಮಾಡಬೇಕು ಎಂಬ ಕರಾರಿನ ಮೇಲೆ ಒಪ್ಪಿಕೊಂಡೆ.

ಗಂಡಿನ ಕಡೆಯವರು ಬರಲು ಹತ್ತು ದಿನವಿತ್ತು. ನೆನೆಸಲು ಮನೆಯಲ್ಲಿ ಕಾಗದ ಹೆಚ್ಚು ಇರಲಿಲ್ಲವಾಗಿ ನನ್ನ ಲೆಕ್ಕದ ಪರೀಕ್ಷೆಯ ಪೇಪರುಗಳನ್ನೆಲ್ಲ ಹಾಕಿದೆ. ಅಪ್ಪ ಅವುಗಳಲ್ಲಿನ ಅಂಕ ನೋಡುವ ಮೊದಲೇ ಅವು ಕರಗಿದ್ದು ಈ ಕೆಲಸದಿಂದ ನನಗಾದ ಮೊದಲ ಲಾಭ. ನಾಲ್ಕನೇ ದಿನ ಶಾಲೆಗೆ ಹೊರಡುವಾಗ ನನ್ನ ನೋಟ್ ಪುಸ್ತಕವನ್ನು ಅಕ್ಕನ ಮುಂದಿಟ್ಟು, “ಇದರಲ್ಲಿ ಇದ್ದ ಹಾಗೆಯೇ ಕಲಸಿಡು. ನಿನ್ನ ಬುದ್ಧಿ ಉಪಯೋಗಿಸ್ಬೇಡ” ಎಂದು ಹೇಳಿ ಹೋದೆ. ಅದರಲ್ಲಿ ಟೀಚರು ಹೇಳಿದ್ದನ್ನು ಅವಸರದಲ್ಲಿ ಹೀಗೆ ಬರೆದುಕೊಂಡಿದ್ದೆ: ‘ಮಣ್ಣು ಸೋಸು. ಕಾಗದ ಕುಟ್ಟು. ಮೆಂತೆ ನೆನೆಸಿ ಅರೆ ಸೇರಿಸು. ನೆರಳಿನಲ್ಲಿ ಒಣಗಿಸು.’

ಸಂಜೆ ಬಂದಾಗ ಮಣ್ಣು ತಯಾರಿತ್ತು. ಒಣ ಅಡಿಕೆ ಹಾಳೆಯ ಮೇಲೆ ನವಿಲನ್ನು ಮಾಡತೊಡಗಿದೆ. ಬಾಲಕ್ಕೇ ಮುಕ್ಕಾಲು ಮಣ್ಣು ಹೋಯಿತು. ಬೆರಳಿಗೆ ಅಲ್ಲಲ್ಲಿ ಸಣ್ಣ ಕಾಳಿನಂಥದ್ದು ಸಿಗುತ್ತಿತ್ತು. ಅಕ್ಕ ಕಾಗದವನ್ನು ಸರಿಯಾಗಿ ಕುಟ್ಟಿಲ್ಲ ಎಂದು ಬೈದುಕೊಂಡೆ. ಕಣ್ಣಿಗೆ ಒಂದು ಗುಲಗಂಜಿ ಒತ್ತಿದೆ. ನೇತುಹಾಕಲು ಎರಡು ತೂತು ಕೊರೆದು, ಉಗ್ರಾಣದಲ್ಲಿ ಇಲಿಗೆ ಎಟುಕದ ಕಡೆ ಒಣಗಲು ಇಟ್ಟೆ. ಸೋಣ ತಿಂಗಳು, ಹೊತ್ತಿಗೊಂದು ಮಳೆ. ಮಣ್ಣು ಒಣಗುವ ಲಕ್ಷಣವೇ ತೋರಿಸಲಿಲ್ಲ. ಮೂರನೇ ದಿನ ನೋಡಿದರೆ ನವಿಲಿನ ಮೈಯಲ್ಲಿ ಸೊಳ್ಳೆ ಕಚ್ಚಿದಂತೆ ದದ್ದು ಎದ್ದಿತ್ತು. ಸುಣ್ಣ, ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ ಎಲ್ಲ ಬಳಿದು ದದ್ದು ಮುಚ್ಚಿದೆ. ಮೇಲೊಂದು ತೆಳ್ಳನೆಯ ಬಟ್ಟೆ ಹೊದೆಸಿ, ಇನ್ನು ಅವರು ಬರುವ ದಿನದವರೆಗೆ ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದೆ.

ಆ ದಿನ ಬಂತು. ನಾನು ಬೆಳಗಿನಿಂದ ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ನವಿಲನ್ನು ಗೋಡೆಗೆ ಹಾಕಿದವಳು ಅವ್ವ. ಬಂದದ್ದು ಹುಡುಗ ಮತ್ತು ಅವನ ತಾಯಿ. ನಾನು ಬೆಲ್ಲ, ನೀರು ಹಿಡಿದುಕೊಂಡು ಚಾವಡಿಗೆ ಬಂದೆ, ಗೋಡೆಯತ್ತ ನೋಡಿದೆ, ಕೈಯಲ್ಲಿದ್ದ ನೀರು ಹುಡುಗನ ಕಾಲ ಮೇಲೆ ಚೆಲ್ಲಿತು.

ನವಿಲಿನ ಬಾಲದ ತುಂಬ ಹಸಿರು ಮೊಳಕೆ ಎದ್ದಿತ್ತು. ಕತ್ತಿನಲ್ಲಿ ಒಂದು, ಬೆನ್ನಿನಲ್ಲಿ ಎರಡು, ಬಾಲದಲ್ಲಿ ಲೆಕ್ಕವಿಲ್ಲದಷ್ಟು. ಪ್ರತಿಯೊಂದಕ್ಕೂ ಎರಡೆರಡು ಪುಟ್ಟ ಎಲೆ.

ಅವ್ವ ನನ್ನ ಕಿವಿಯಲ್ಲಿ, “ಈ ಸೊಪ್ಪು ಇಟ್ಟದ್ದು ಲಾಯ್ಕಾಗಿದೆ ಹೆಣ್ಣೇ” ಎಂದಳು.

ಹುಡುಗನ ತಾಯಿಯ ಕಣ್ಣು ಆಗಲೇ ಅಲ್ಲಿಗೆ ಹೋಗಿತ್ತು. “ಅದೆಂತ?” ಎಂದು ಕೇಳಿದರು. ಅಪ್ಪ ಹತ್ತು ದಿನದಿಂದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದರು: “ವಾಲ್ ಹ್ಯಾಂಗಿಂಗ್.”

“ವಾಲು ಅಂದ್ರೆ ಮಲೆಯಾಳದಲ್ಲಿ ಬಾಲ. ನಮ್ಮಲ್ಲಿ ಕೆಲಸದವರೆಲ್ಲ ಕಾಸರಗೋಡು ಕಡೆಯವರೇ” ಎಂದರು ಅವರು. “ಸರಿಯಾದ ಹೆಸರೇ. ಬಾಲ ದೊಡ್ಡದು ಉಂಟು.” ಎದ್ದು ಗೋಡೆಯ ಹತ್ತಿರ ಹೋಗಿ ಒಂದು ಮೊಳಕೆ ಚಿವುಟಿ ಮೂಸಿದರು. ಆಮೇಲೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. “ಮೆಂತೆ. ಹುಡುಗಿಯೇ ಮಾಡಿದ್ದಾ?”

“ಅವಳೇ” ಎಂದಳು ಅವ್ವ.

“ಮೆಂತೆ ಬಿತ್ತಿದ್ದು ಎಂತಕ್ಕೆ?”

ಈ ಪ್ರಶ್ನೆಗೆ ಸಾವಿರ ಸುಳ್ಳಿನಲ್ಲಿ ಒಂದೂ ತಯಾರಿರಲಿಲ್ಲ. ಅಪ್ಪ ಕ್ಯಾಲೆಂಡರು ಇದ್ದ ಜಾಗ ನೋಡಿದರು. ಹುಡುಗನ ತಾಯಿ ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕನನ್ನು ಕರೆದರು. ಅವಳು ಬಂದು ಮೊದಲು ನನ್ನ ಮುಖ ನೋಡಿದಳು. ಅದು ನನ್ನದು, ನನ್ನದು ಎಂದು ಹತ್ತು ದಿನ ಮನಸ್ಸಿನಲ್ಲೇ ಕೂಗಿಕೊಂಡಿದ್ದ ನಾನು ಆ ಗಳಿಗೆಯಲ್ಲಿ, ದೇವರೇ ಅದು ಯಾರದ್ದೂ ಆಗದಿರಲಿ ಎಂದು ಬೇಡಿಕೊಂಡೆ.

“ನವಿಲು ಮಾಡಿದ್ದು ತಂಗಿ” ಎಂದಳು ಅಕ್ಕ. “ನಂಗೆ ಇಂಥದ್ದು ಯಾವುದೂ ಬರುದಿಲ್ಲ. ಮಣ್ಣು ಕಲಸಿದ್ದು, ಮೆಂತೆ ಹಾಕಿದ್ದು ಮಾತ್ರ ನಾನು. ಅರೆ ಸೇರಿಸು ಅಂತ ಪುಸ್ತಕದಲ್ಲಿ ಉಂಟು. ನಾನು ನೆನೆಸಿ ಅರ್ಧ ಸೇರಿಸಿದೆ. ಇನ್ನರ್ಧ ಒಳಗೆ ಉಂಟು.”

ಯಾರೂ ಕೇಳದಿದ್ದರೂ ಒಳಗೆ ಹೋಗಿ ಅದನ್ನು ತಂದೇಬಿಟ್ಟಳು. ಅದೂ ತೆಂಗಿನ ಗೆರಟೆಯಲ್ಲಿ ನವಿಲಿಗಿಂತ ಚೆನ್ನಾಗಿ ಬೆಳೆದಿತ್ತು. ಇನ್ನೊಂದು ಕೈಯಲ್ಲಿ ನನ್ನ ನೋಟ್ ಪುಸ್ತಕ. ಹುಡುಗ ಅದನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದ: “ಮೆಂತೆ ನೆನೆಸಿ ಅರೆ ಸೇರಿಸು.”

“ಅರ್ಧ ಅಂತಲೇ ಉಂಟಲ್ಲ. ಹುಡುಗಿ ಸರಿಯಾಗಿಯೇ ಮಾಡಿದ್ದಾಳೆ” ಎಂದರು ಅವನ ತಾಯಿ.

ನನಗೆ ಇನ್ನು ತಡೆಯಲಾಗಲಿಲ್ಲ. ನಮ್ಮ ಕಡೆ ಯಾರೂ ಏನನ್ನೂ ಅರೆಯುವುದಿಲ್ಲ. ಮಸಾಲೆಯಿರಲಿ, ಹಿಟ್ಟಿರಲಿ, ಕಲ್ಲಿನಲ್ಲಿ ಕಡೆಯುತ್ತೇವೆ. ಅರೆಯುವುದು ಘಟ್ಟದ ಮೇಲಿನ ಟೀಚರಿನ ಮಾತು. ಅವರು ‘ಅರೆ’ ಎಂದು ಹೇಳಿ ನಿಲ್ಲಿಸಿ, ಆಮೇಲೆ ‘ಸೇರಿಸು’ ಎಂದಿದ್ದರು. “ಅರೆ ಅಂದ್ರೆ ಅರ್ಧ ಅಲ್ಲ, ಕಡೆಯುದು” ಎಂದೆ, ಹಿರಿಯರ ಮುಂದೆ ಎಂಬುದನ್ನೂ ಮರೆತು.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಹಾಗಾದ್ರೆ ನಾವು ಮನೆಯಲ್ಲಿ ಮಾತಾಡುವ ಅರೆಭಾಷೆ ಎಂತದು, ಕಡೆದ ಭಾಷೆಯಾ?”

ಮೊದಲು ನಕ್ಕವನು ಹುಡುಗ. ಆಮೇಲೆ ಅಪ್ಪ, ಆಮೇಲೆ ಅಕ್ಕ, ಗೆರಟೆ ಹಿಡಿದುಕೊಂಡೇ. ನಾನೊಬ್ಬಳು ನಗಲಿಲ್ಲ. ಅಳುವ ಹಾಗಾಗಿದ್ದ ಅವ್ವ ಕೂಡ ಸೆರಗು ಬಾಯಿಗಿಟ್ಟು ನಕ್ಕಳು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಹುಡುಗನ ತಾಯಿ ಅವ್ವನಿಗೆ ಹೇಳಿದರು: “ಗೋಡೆಯಲ್ಲಿ ನೇತು ಹಾಕಿದ್ದನ್ನು ಮೂರು ಮನೆಯಲ್ಲಿ ನೋಡಿ ಆಯ್ತು. ಇದು ನಂದಲ್ಲ ಅಂತ ಹೇಳಿದ್ದು ಇವಳೊಬ್ಬಳೇ. ನಮಗೆ ಆಗಬಹುದು.”

ಕರಾರಿನ ಪ್ರಕಾರ ನವಿಲು ಅಕ್ಕನದ್ದಾಗಿ ಉಳಿಯಲಿಲ್ಲವಲ್ಲ, ಹಾಗಾಗಿ ಮರುದಿನ ನಾನೇ ಗೊಬ್ಬರದ ಬುಟ್ಟಿ ತೆಗೆದುಕೊಂಡು ಹಟ್ಟಿಗೆ ಹೋದೆ. ಅಕ್ಕ ಅದನ್ನು ಕಸಿದುಕೊಂಡಳು. “ಒಂದು ತಿಂಗಳು ಅಂತ ಹೇಳಿದ್ದೇನೆ” ಎಂದಳು. ತಿಂಗಳು ಪೂರ್ತಿ ಹೊತ್ತಳು. ನಾನು ಜಗಲಿಯಲ್ಲಿ ಕುಳಿತು ಓದುವ ಹಾಗೆ ಮಾಡುತ್ತಿದ್ದೆ. ನನಗೆ ಅಷ್ಟು ನಾಚಿಕೆಯಾದದ್ದು ಆ ಮೇಲೆ ಕಡಿಮೆ.

ಮದುವೆಯಾಗಿ ಹೊರಡುವ ದಿನ ಅಕ್ಕ ನವಿಲನ್ನೂ ಕೊಂಡುಹೋಗುತ್ತೇನೆ ಎಂದಳು. ಅಷ್ಟರಲ್ಲಿ ಅದು ಒಣಗಿ ಗಟ್ಟಿಯಾಗಿತ್ತು, ಮೊಳಕೆ ಕಿತ್ತ ಕಡೆಯೆಲ್ಲ ತೂತು. ಟ್ರಂಕಿಗೆ ಹಾಕಲು ಗೋಡೆಯಿಂದ ತೆಗೆದ ಕೂಡಲೇ ಆ ತೂತುಗಳ ಸಾಲಿನಲ್ಲೇ ಎರಡು ತುಂಡಾಯಿತು. ನಾನು ಜೋರಾಗಿ ಅತ್ತೆ. ನವಿಲು ಒಡೆದದ್ದಕ್ಕೆ ಅಳುತ್ತಿದ್ದೇನೆ ಎಂದು ಎಲ್ಲರೂ ಸಮಾಧಾನ ಮಾಡಿದರು. ಅಕ್ಕನಿಗೆ ಗೊತ್ತಾಗಿತ್ತು. ಗುಲಗಂಜಿ ಕಣ್ಣಿನ ತಲೆಯನ್ನು ನನ್ನ ಕೈಗೆ ಕೊಟ್ಟು, ಬಾಲವನ್ನು ಸೀರೆಯಲ್ಲಿ ಸುತ್ತಿಕೊಂಡಳು.

ಜಾಲ್ಸೂರಿನ ಅವರ ಚಾವಡಿಯಲ್ಲಿ ವರ್ಷಗಟ್ಟಲೆ ಬರೀ ಒಂದು ಬಾಲ ನೇತಾಡುತ್ತಿತ್ತು. ಇದೆಂತ ಎಂದು ಯಾರು ಕೇಳಿದರೂ ಅಕ್ಕ, “ವಾಲ್ ಹ್ಯಾಂಗಿಂಗ್. ನನ್ನ ತಂಗಿ ಮಾಡಿದ್ದು. ತಲೆ ಅವಳ ಹತ್ರ ಉಂಟು” ಎನ್ನುತ್ತಿದ್ದಳಂತೆ. ಅವಳ ಮನೆಗೆ ಹೋದಾಗಲೆಲ್ಲ ನಾವಿಬ್ಬರೂ ಬಸ್ಸು ಹತ್ತಿ ಪುತ್ತೂರಿಗೆ ಹೋಗಿ, ಒಂದೊಂದು ಸೋಡ ಕುಡಿದು, ಸುಮ್ಮನೆ ವಾಪಾಸು ಬರುತ್ತಿದ್ದೆವು.

ಆರು ವರ್ಷ ಕಳೆದು ಕಡಬದ ಕಡೆಯಿಂದ ನನ್ನನ್ನು ನೋಡಲು ಬಂದರು. ಅವ್ವ ನವಿಲಿನ ತಲೆಯನ್ನು ಚಾವಡಿಗೆ ಹಾಕಿದ್ದಳು. ಬಂದವರು ನೋಡಿದರು. “ಇದು ಹುಡುಗಿಯೇ ಮಾಡಿದ್ದಾ?” ಎಂದು ಕೇಳಿದರು. ಹೌದು ಎನ್ನಲು ಈ ಸಲ ಯಾವ ಅಡ್ಡಿಯೂ ಇರಲಿಲ್ಲ. ಅದಕ್ಕಾಗಿ ಎಷ್ಟು ವರ್ಷ ಕಾದಿದ್ದೆ.

“ಅರ್ಧ” ಎಂದೆ. “ಮೆಂತೆ ಅಕ್ಕನದ್ದು.”