ತಿರುಗಿ ನೋಡಿದ್ದಕ್ಕೆ ಅಂಕ ಕಡಿತ

ನಮ್ಮನೆಯವರು ಸಿಟಿ ಬಸ್ಸಿನ ಡ್ರೈವರ್. ಡಿಪೋದಲ್ಲಿ ಅವರಿಗೆ ನಿಧಾನಪ್ಪ ಅಂತ ಹೆಸರಿಟ್ಟಿದ್ದಾರೆ. ಮನೆಯಲ್ಲಿ ನಾನು ಇಟ್ಟಿರುವ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವುದು ಬೇಡ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಾರೆ, ರಸ್ತೆ ತಿರುವಿನವರೆಗೆ ಹೋಗಿ ನಾಲ್ಕನೆಯ ಸಲ ಎಳೆಯಲು ವಾಪಸ್ಸು ಬರುತ್ತಾರೆ. ನರಪಿಳ್ಳೆಯಿಲ್ಲದ ರಸ್ತೆಯನ್ನೂ ಎರಡೂ ಕಡೆ ನೋಡದೆ ದಾಟುವುದಿಲ್ಲ. ಇಂಥವರ ಜೊತೆ ಎಲ್ಲಿಗಾದರೂ ಹೊರಟರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಆದರೆ ಒಂದು ಮಾತು ಹೇಳಲೇಬೇಕು, ಇಪ್ಪತ್ತಾರು ವರ್ಷದಲ್ಲಿ ಅವರ ಬಸ್ಸಿನಿಂದ ಒಂದು ಜೀವಕ್ಕೂ ಗಾಯವಾಗಿರಲಿಲ್ಲ.

ಈಚಿನ ವರ್ಷಗಳಲ್ಲಂತೂ ಅದಕ್ಕೆ ಕಾರಣ ಅವರ ಒಂದು ಅಭ್ಯಾಸ. ಮೊದಲು ಬಸ್ಸಿನಲ್ಲಿ ಕಂಡಕ್ಟರ್ ಇರುತ್ತಿದ್ದ. ಹಿಂದಿನ ಬಾಗಿಲಲ್ಲಿ ಯಾರು ಹತ್ತಿದರು, ಯಾರು ಇಳಿದರು ಎಂದು ನೋಡಿ ಸೀಟಿ ಊದುವುದು ಅವನ ಕೆಲಸ. ಏಳೆಂಟು ವರ್ಷದ ಹಿಂದೆ ಮೇಲಿನವರಿಗೆ ಜ್ಞಾನೋದಯವಾಯಿತು. ಟಿಕೆಟ್ ಕೊಡಲು ಯಂತ್ರ ಬಂದಿರುವಾಗ ಕಂಡಕ್ಟರ್ ಯಾಕೆ ಅಂತ ಅವನನ್ನು ತೆಗೆದುಹಾಕಿದರು. ಟಿಕೆಟ್ಟನ್ನು ಯಂತ್ರ ಕೊಡುತ್ತದೆ ಸರಿ, ಹಿಂದಿನ ಬಾಗಿಲನ್ನು ಯಾರು ನೋಡಬೇಕು ಅಂತ ಯಾರೂ ಕೇಳಲಿಲ್ಲ. ಡ್ರೈವರ್ ಮುಂದೆ ಒಂದು ಸಣ್ಣ ಪರದೆ ಇಟ್ಟು, ಇದರಲ್ಲಿ ಹಿಂದಿನ ಮೆಟ್ಟಿಲು ಕಾಣುತ್ತದೆ ಅಂದರು. ಮೂರು ತಿಂಗಳು ಕಂಡಿತು. ಆಮೇಲೆ ಪರದೆ ಕಪ್ಪಾಯಿತು, ಅದನ್ನು ಸರಿಮಾಡುವ ಕಂಪನಿಯೇ ಮುಚ್ಚಿಹೋಗಿತ್ತು.

ಅಂದಿನಿಂದ ಇವರು ಪ್ರತಿ ಸ್ಟಾಪಿನಲ್ಲೂ ಬಾಗಿಲು ಮುಚ್ಚಿದ ಮೇಲೆ ಸೀಟಿನಿಂದ ಅರ್ಧ ಎದ್ದು, ಸೊಂಟದಿಂದ ಹಿಂದಕ್ಕೆ ತಿರುಗಿ, ಹಿಂದಿನ ಮೆಟ್ಟಿಲನ್ನು ಕಣ್ಣಾರೆ ನೋಡುತ್ತಾರೆ. ಸೊಂಟದಿಂದ ಯಾಕೆಂದರೆ ಕತ್ತು ತಿರುಗುವುದಿಲ್ಲ, ಸ್ಟೀರಿಂಗ್ ಹಿಡಿದೂ ಹಿಡಿದೂ ಮರಗಟ್ಟಿದೆ. ಬಾಗಿಲಿಗೆ ಯಾರ ಬಟ್ಟೆಯೂ, ಕೈಯೂ, ಚೀಲವೂ ಸಿಕ್ಕಿಲ್ಲ ಅಂತ ಖಾತ್ರಿಯಾದ ಮೇಲೆ "ಹ್ಞಾಂ" ಅಂದುಕೊಂಡು ಹೊರಡುತ್ತಾರೆ. ನಾಲ್ಕೈದು ಸೆಕೆಂಡಿನ ಕೆಲಸ. ಆಫೀಸಿಗೆ ಹೊತ್ತಾದವರು ಮೂಗು ಮುರಿಯುತ್ತಿದ್ದರು, ಇವರು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಈ ವರ್ಷ ಹೊಸ ನಿಯಮ ಬಂತು. ಅಪಘಾತಗಳು ಹೆಚ್ಚಾಗಿವೆ, ಡ್ರೈವರುಗಳ ಗಮನ ರಸ್ತೆಯ ಮೇಲಿಲ್ಲ, ಆದ್ದರಿಂದ ಪ್ರತಿ ಬಸ್ಸಿಗೂ ಒಂದು ಕಾವಲು ಕ್ಯಾಮೆರಾ. ಅದು ಸ್ಟೀರಿಂಗಿನ ಮುಂದೆ ಕೂತು ಡ್ರೈವರನ ಮುಖವನ್ನೇ ದಿಟ್ಟಿಸುತ್ತದೆ. ಮುಖ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಅತ್ತಿತ್ತ ಹೋದರೆ ಪೀಂ ಅನ್ನುತ್ತದೆ, ಅಂಕ ಕಳೆಯುತ್ತದೆ. ನೂರಕ್ಕೆ ಅರವತ್ತಕ್ಕಿಂತ ಕಡಿಮೆ ಅಂಕ ಸತತ ನಾಲ್ಕು ವಾರ ಬಂದರೆ ಡ್ರೈವರನನ್ನು ಸೀಟಿನಿಂದ ಇಳಿಸಿ ಯಾರ್ಡಿಗೆ ಹಾಕುತ್ತಾರೆ. ಯಾರ್ಡ್ ಅಂದರೆ ಡಿಪೋದ ಹಿಂಭಾಗ, ಬಸ್ಸು ತೊಳೆದು ಸಾಲಾಗಿ ನಿಲ್ಲಿಸುವ ಜಾಗ.

ನಿಂತ ಬಸ್ಸಿನಲ್ಲಿ ಹಿಂದೆ ನೋಡಿದರೆ ಏನು ತಪ್ಪು ಅಂತ ನಾನೂ ಕೇಳಿದೆ. ಯಂತ್ರದ ಪ್ರಕಾರ ಬಾಗಿಲು ಮುಚ್ಚಿದ ಕ್ಷಣದಿಂದ ಬಸ್ಸು ಓಡುತ್ತಿರುತ್ತದಂತೆ. ಚಕ್ರ ಉರುಳಲಿ ಬಿಡಲಿ, ಅದಕ್ಕೆ ಸಂಬಂಧವಿಲ್ಲ. ಇವರು ನೋಡುವುದೇ ಬಾಗಿಲು ಮುಚ್ಚಿದ ಮೇಲೆ. ಹೀಗಾಗಿ ಒಂದು ಟ್ರಿಪ್ಪಿಗೆ ಮೂವತ್ತೆರಡು ಸ್ಟಾಪು, ಮೂವತ್ತೆರಡು ಪೀಂ. ಮೊದಲ ವಾರದ ಅಂಕ ಐವತ್ತೆರಡು. ಎರಡನೆಯ ವಾರ ಐವತ್ತು.

ಅದೇ ಡಿಪೋದಲ್ಲಿ ಇನ್ನೊಬ್ಬ ಡ್ರೈವರ್ ಇದ್ದಾರೆ. ಕಿವಿಯಲ್ಲಿ ಸದಾ ಇಯರ್‌ಫೋನು ಇರುವುದರಿಂದ ಎಲ್ಲರೂ ಅವರನ್ನು ಹಲೋ ಎಂದೇ ಕರೆಯುತ್ತಾರೆ. ಬಸ್ಸು ಹತ್ತಿದಾಗಿನಿಂದ ಇಳಿಯುವವರೆಗೆ ಅವರ ಮಾತು ನಿಲ್ಲುವುದಿಲ್ಲ. ಸೈಟು ಮಾರುವುದು, ಮೈದುನನ ಜಗಳ ಬಿಡಿಸುವುದು, ಎಲ್ಲವೂ ಸ್ಟೀರಿಂಗ್ ಹಿಡಿದೇ. ಆದರೆ ಮುಖ ಮಾತ್ರ ಗೊಂಬೆಯ ಹಾಗೆ ನೇರ. ಅವರಿಗೆ ತೊಂಬತ್ತೇಳು ಅಂಕ ಬಂತು, ಎಲ್ಲರ ಮುಂದೆ ಕರೆದು ನೀರಿನ ಫ್ಲಾಸ್ಕ್ ಬಹುಮಾನ ಕೊಟ್ಟರು. ಅದನ್ನು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಇವರು ಮಾತ್ರ, ಫ್ಲಾಸ್ಕ್ ಚೆನ್ನಾಗಿದೆ, ಬಿಸಿನೀರು ಸಂಜೆವರೆಗೂ ಬಿಸಿಯಾಗಿರುತ್ತದಂತೆ ಅಂದರು.

ಆ ಭಾನುವಾರ ನನ್ನ ತಮ್ಮ ಹೊಸ ಕಾರು ತೋರಿಸಲು ಬಂದ. ಅವನು ಮೊಬೈಲು, ಟೀವಿ ಮಾರುವ ಅಂಗಡಿಯಲ್ಲಿ ಮ್ಯಾನೇಜರು. ಹೊಸ ಯಂತ್ರ ಯಾವುದು ಬಂದರೂ ಅದು ಸರಿ, ಮನುಷ್ಯ ತಪ್ಪು ಎನ್ನುವ ಪೈಕಿ. ನಮ್ಮ ಮನೆಯಲ್ಲಿ ಬಾಗಿಲು ತೆರೆದಿಟ್ಟರೆ ಬೈಯುವ ಫ್ರಿಜ್ಜು, ಬಟ್ಟೆ ಒಗೆದು ಮುಗಿಸಿದರೆ ಹಾಡುವ ಮಷಿನ್ನು ಇರುವುದು ಅವನ ಕೃಪೆಯಿಂದಲೇ. ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಟ. ರಸ್ತೆಯ ಬಿಳಿ ಗೆರೆ ದಾಟಿದರೆ ಕಾರು ತಾನೇ ಸ್ಟೀರಿಂಗ್ ಎಳೆಯುತ್ತದೆ ಭಾವ ಅಂದ. ಎಳೆಯಿತು. ರಸ್ತೆಯ ಗುಂಡಿ ತಪ್ಪಿಸಲು ಅವನು ಪಕ್ಕಕ್ಕೆ ತಿರುಗಿಸಿದರೆ ಅದು ಹಟಕ್ಕೆ ಬಿದ್ದು ಗುಂಡಿಯೊಳಗೇ ಇಳಿಸಿತು. ಅಷ್ಟರಲ್ಲಿ ಹನಿ ಬಿತ್ತು. ವೈಪರ್ ಎಲ್ಲಿದೆ ಅಂತ ಅವನು ಪರದೆಯ ಮೇಲೆ ಹುಡುಕತೊಡಗಿದ. ಪಕ್ಕದ ಸೀಟಿನಲ್ಲಿದ್ದ ಇವರು ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಲೇ ಕೂತಿದ್ದರು.

ಮನೆಗೆ ಬಂದ ಮೇಲೆ ತಮ್ಮ ಇವರ ಅಂಕದ ಪಟ್ಟಿ ನೋಡಿ ನಕ್ಕ. ಯಂತ್ರದ ಜೊತೆ ಯಾಕೆ ಗುದ್ದಾಟ, ಅದಕ್ಕೆ ಬೇಕಾದ್ದು ಕೊಟ್ಟುಬಿಡಿ, ಕತ್ತು ತಿರುಗಿಸಬೇಡಿ, ಕಣ್ಣು ಮಾತ್ರ ಕನ್ನಡಿಗೆ ಹಾಯಿಸಿ ಅಂದ. ಇಪ್ಪತ್ತಾರು ವರ್ಷ ಓಡಿಸಿದ ಮನುಷ್ಯ ನಿವೃತ್ತಿಗೆ ಮೂರು ವರ್ಷ ಇರುವಾಗ ಬಸ್ಸು ತೊಳೆಯುತ್ತ ನಿಲ್ಲುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಸೀಟಿನಿಂದ ಇಳಿಸಿದರೆ ಇವರು ಒಳಗೊಳಗೇ ಮುರಿದುಹೋಗುತ್ತಾರೆ ಅಂತ ನನಗೆ ಗೊತ್ತಿತ್ತು. ಹಾಗಾಗಿ ತಮ್ಮನ ಮಾತಿಗೆ ನಾನೂ ತಲೆಯಾಡಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.

ಮರುದಿನದಿಂದ ಮನೆಯಲ್ಲಿ ತರಬೇತಿ ಶುರುಮಾಡಿದೆ. ಊಟದ ಕುರ್ಚಿಯಲ್ಲಿ ಇವರನ್ನು ಕೂರಿಸಿ, ಕೈಗೆ ತಟ್ಟೆ ಕೊಟ್ಟು, ಇದೇ ಸ್ಟೀರಿಂಗ್ ಅಂದೆ. ಎದುರಿನ ಗೋಡೆಗೆ ಕನ್ನಡಿ ಒರಗಿಸಿದೆ. ನಾನು ಹಿಂದೆ ನಿಂತು "ಬಾಗಿಲು ಮುಚ್ಚಿತು" ಅನ್ನುವುದು, ಇವರು ಕಣ್ಣು ಮಾತ್ರ ಮೇಲೆತ್ತುವುದು. ಸೊಂಟ ಅಲುಗಿದರೆ ಸೌಟಿನಿಂದ ಭುಜಕ್ಕೆ ಒಂದು ತಟ್ಟುತ್ತಿದ್ದೆ. ಆರಂಭದಲ್ಲಿ ನನಗೆ ನಗುವೇ ನಗು. ಇವರು ಮಾತ್ರ ನಗಲಿಲ್ಲ.

"ಕನ್ನಡೀಲಿ ಬರೀ ತಲೆಗಳೇ ಕಾಣೋದು ಕಣೇ. ಮೆಟ್ಟಿಲು ಕಾಣಲ್ಲ" ಅಂದರು.

"ತಲೆ ಕಂಡ್ರೆ ಸಾಕು. ತಲೆ ಕೆಳಗೆ ಮನುಷ್ಯ ಇದ್ದೇ ಇರ್ತಾನೆ" ಅಂದೆ ನಾನು, ದೊಡ್ಡ ಬುದ್ಧಿವಂತೆ.

ಐದಾರು ದಿನದಲ್ಲಿ ಸೊಂಟ ಕುರ್ಚಿಗೆ ಅಂಟಿಕೊಂಡಿತು. ಮೂರನೆಯ ವಾರದ ಅಂಕ ಅರವತ್ತೆಂಟು, ನಾಲ್ಕನೆಯದು ಎಂಬತ್ತೊಂದು. ಬಸ್ಸೂ ಹೊತ್ತಿಗೆ ಸರಿಯಾಗಿ ಓಡತೊಡಗಿತು. ಪ್ರಯಾಣಿಕರು ನಿಧಾನಪ್ಪ ಚುರುಕಾದ ಅಂದರಂತೆ. ನಾನು ಪಾಯಸ ಒಂದು ಮಾಡಲಿಲ್ಲ ಅಷ್ಟೆ, ಅಷ್ಟು ಖುಷಿ ನನಗೆ. ಇವರು ಊಟ ಕಡಿಮೆ ಮಾಡಿದ್ದರು. ಕೇಳಿದರೆ ಏನಿಲ್ಲ ಅನ್ನುತ್ತಿದ್ದರು.

ನಾನು ಬಟ್ಟೆ ಅಂಗಡಿಯೊಂದರಲ್ಲಿ ಪ್ಯಾಂಟಿನ ಕಾಲು ಮಡಚಿ ಹೊಲಿಯುವ, ತೋಳು ಚಿಕ್ಕದು ಮಾಡುವ ಕೆಲಸದಲ್ಲಿದ್ದೇನೆ. ಸಂಜೆ ಇವರ ಬಸ್ಸು ಸಿಕ್ಕರೆ ಅದರಲ್ಲೇ ಬರುತ್ತೇನೆ. ಆ ಬುಧವಾರ ಸಿಕ್ಕಿತು. ಹಿಂದಿನ ಬಾಗಿಲಿನಿಂದ ಹತ್ತಿದೆ, ಕಾಲಿಡಲು ಜಾಗವಿರಲಿಲ್ಲ, ಇವರಿಗೆ ನಾನು ಕಾಣಲೂ ಇಲ್ಲ. ನಮ್ಮ ಸ್ಟಾಪು ಬಂದಾಗ ಜನರ ನಡುವೆ ನುಸುಳಿಕೊಂಡು ಅದೇ ಬಾಗಿಲಲ್ಲಿ ಇಳಿದೆ. ಹೊಲಿಗೆ ಬಟ್ಟೆಯ ಚೀಲದ ಪಟ್ಟಿ ಹೆಗಲ ಮೇಲಿತ್ತು, ಚೀಲ ಇನ್ನೂ ಒಳಗೆ ಯಾರದೋ ಕಾಲಿನ ನಡುವೆ ಇತ್ತು. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಬಸ್ಸು ಹೊರಟಿತು.

ಪಟ್ಟಿ ಹೆಗಲಿಂದ ಜಾರಿ ಮೊಣಕೈಗೆ ಬಿಗಿಯಿತು. ಬಸ್ಸಿನ ಮೈಗೆ ಬಡಿಯುತ್ತ ನಾಲ್ಕು ಹೆಜ್ಜೆ ಓಡಿದೆ, ಐದನೆಯದಕ್ಕೆ ಬಿದ್ದೆ. ಟಾರಿನ ಮೇಲೆ ಮೊಣಕಾಲು ಉಜ್ಜಿಕೊಂಡು ಹೋಯಿತು. ಒಳಗಿದ್ದವರು ಕೂಗಿಕೊಂಡಿದ್ದು ಕೇಳಿಸಿತು, ಬ್ರೇಕಿನ ಕಿರುಚು ಕೇಳಿಸಿತು. ಬಸ್ಸು ನಿಂತಾಗ ಹಿಂದಿನ ಚಕ್ರ ನನ್ನ ಕಾಲಿನಿಂದ ಎರಡು ಗೇಣು ದೂರದಲ್ಲಿತ್ತು.

ಇವರು ಇಳಿದು ಓಡಿಬಂದರು. ಬಿದ್ದವಳು ನಾನು ಅಂತ ನೋಡಿದ ಮೇಲೆ ನನ್ನ ಪಕ್ಕ ರಸ್ತೆಯಲ್ಲೇ ಕೂತುಬಿಟ್ಟರು.

"ನಾನು ನೋಡ್ಲಿಲ್ಲ ಕಣೇ" ಅಂದರು. "ನಾನು ತಿರುಗಿ ನೋಡ್ಲಿಲ್ಲ."

"ಬಾಗಿಲು ತೆಗೀರಿ ಮೊದಲು, ಗಿರಾಕಿ ಬಟ್ಟೆ ಒಳಗಿದೆ" ಅಂದೆ. ಯಾಕೆ ಹಾಗೆ ಅಂದೆನೋ ನನಗೇ ಗೊತ್ತಿಲ್ಲ.

ಡ್ಯೂಟಿ ಮುಗಿಸಿ ಬಂದು ಇವರು ನನ್ನ ಮೊಣಕಾಲಿಗೆ ಔಷಧಿ ಹಚ್ಚುತ್ತಿರುವಾಗ ಅವರ ಮೊಬೈಲು ಟಿಣ್ ಅಂದಿತು. ದಿನದ ಅಂಕ ಅದರಲ್ಲಿ ಬರುತ್ತದೆ. ನಾನೇ ತೆಗೆದು ನೋಡಿದೆ. ಅಭಿನಂದನೆಗಳು, ಇಂದು ನಿಮ್ಮ ಅಂಕ ನೂರಕ್ಕೆ ನೂರು ಅಂತಿತ್ತು. ಜೊತೆಗೆ ಚಪ್ಪಾಳೆ ತಟ್ಟುವ ಎರಡು ಕೈಗಳ ಚಿತ್ರ. ಮೊಬೈಲನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಆದರೆ ಆ ನೂರು ಅಂಕ ಕಲಿಸಿಕೊಟ್ಟವಳು ನಾನೇ, ಸೌಟು ಹಿಡಿದು. ಯಾರನ್ನು ಬೈಯಲಿ?

ಇವರು ಕಾಗದ ತೆಗೆದು ಬರೆಯಲು ಕೂತರು. ಇಂಥ ದಿನ ಇಂಥ ಸ್ಟಾಪಿನಲ್ಲಿ ಹಿಂದಿನ ಬಾಗಿಲು ನೋಡದೆ ಬಸ್ಸು ಬಿಟ್ಟೆ, ಒಬ್ಬ ಹೆಂಗಸು ಬಿದ್ದು ಗಾಯವಾಗಿದೆ, ತಪ್ಪು ನನ್ನದು ಅಂತ. ನಾನು ಕಾಗದ ಕಿತ್ತುಕೊಂಡೆ. ಇದನ್ನು ಕೊಟ್ಟರೆ ಯಾರ್ಡೂ ಇಲ್ಲ, ನೇರ ಸಸ್ಪೆಂಡ್. ಬಿದ್ದವಳು ನಾನು, ದೂರು ಕೊಡಬೇಕಾದವಳೂ ನಾನು, ನಾನು ಕೊಡುವುದಿಲ್ಲ ಅಂತ ಹಟ ಹಿಡಿದೆ.

"ಬಿದ್ದಿದ್ದು ಬೇರೆಯವರ ಮನೆಯವಳಾಗಿದ್ರೆ?" ಅಂದರು.

ಕಾಗದ ವಾಪಸ್ಸು ಕೊಟ್ಟೆ.

ಬೆಳಿಗ್ಗೆ ಕುಂಟುತ್ತ ನಾನೂ ಡಿಪೋಗೆ ಹೋದೆ. ಸುರಕ್ಷತೆಯ ಅಧಿಕಾರಿ ಒಳ್ಳೆಯ ಮನುಷ್ಯರೇ. ಕುರ್ಚಿ ಕೊಟ್ಟರು, ನೀರು ತರಿಸಿದರು. ಕಾಗದ ಓದಿ ಕಂಪ್ಯೂಟರಿನಲ್ಲಿ ಹುಡುಕಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹುಡುಕಿದರು. ನಿನ್ನೆ ಅಪಘಾತವೇ ಆಗಿಲ್ಲ ಅಂದರು. ಜೋರಾಗಿ ಬ್ರೇಕ್ ಹಾಕಿದ್ದು ದಾಖಲಾಗಿದೆಯಂತೆ, ಆದರೆ ಆಗ ಡ್ರೈವರನ ಮುಖ ನೇರ ಮುಂದಕ್ಕಿತ್ತಾದ್ದರಿಂದ ಯಂತ್ರ ಅದನ್ನು ಜಾಗರೂಕತೆಯ ಬ್ರೇಕ್ ಅಂತ ಒಳ್ಳೆಯ ಪಟ್ಟಿಗೆ ಸೇರಿಸಿದೆ.

ನಾನು ಬ್ಯಾಂಡೇಜು ಸುತ್ತಿದ ಮೊಣಕಾಲನ್ನು ಅವರ ಮೇಜಿನ ಪಕ್ಕಕ್ಕೆ ಚಾಚಿದೆ.

"ಅಮ್ಮಾ, ನಿಮ್ಮ ಮೊಣಕಾಲು ನನಗೆ ಕಾಣ್ತಿದೆ" ಅಂದರು ಅವರು. "ಅದನ್ನ ಹಾಕೋಕೆ ಇದರಲ್ಲಿ ಜಾಗ ಇಲ್ಲ."

ಯಂತ್ರ ಒಪ್ಪದ ಅಪಘಾತವನ್ನು ಕೈಯಲ್ಲಿ ಬರೆದು ಸೇರಿಸುವ ಅಧಿಕಾರ ತಮಗಿಲ್ಲ, ನಿಯಮ ಮೇಲಿನಿಂದ ಬಂದದ್ದು, ಮೇಲಿನವರೂ ಯಾರನ್ನೋ ಕೇಳಬೇಕು ಅಂತೆಲ್ಲ ವಿವರಿಸಿದರು. ಕೊನೆಗೆ ತಗ್ಗಿದ ದನಿಯಲ್ಲಿ, ನೂರು ಅಂಕ ಬಂದಿದೆ, ಸುಮ್ಮನೆ ಇಟ್ಟುಕೊಂಡು ಮೂರು ವರ್ಷ ಕಳೆದುಬಿಡಿ ಅಂತ ಬುದ್ಧಿ ಹೇಳಿದರು. ಇವರು ಅಷ್ಟು ಹೊತ್ತೂ ನಿಂತೇ ಇದ್ದರು. ಹಿಂದೆ ತಿರುಗಿ ನೋಡಲು ಬರವಣಿಗೆಯಲ್ಲಿ ಅನುಮತಿ ಕೊಡಿ ಅಂತ ಕೇಳಿದರು. ಅದಾಗುವುದಿಲ್ಲ ಅಂದರು ಅಧಿಕಾರಿ.

"ಹಾಗಾದ್ರೆ ನಾನು ನೋಡ್ತೀನಿ ಸಾರ್. ನೀವು ಅಂಕ ಕಳೀರಿ" ಅಂದರು ಇವರು.

ಆವತ್ತಿನಿಂದಲೇ ನೋಡತೊಡಗಿದರು. ಐವತ್ತು, ನಲವತ್ತೊಂಬತ್ತು, ಐವತ್ತೊಂದು, ನಲವತ್ತೆಂಟು. ನಾಲ್ಕು ವಾರಕ್ಕೆ ಸರಿಯಾಗಿ ಆದೇಶ ಬಂತು, ಸೋಮವಾರದಿಂದ ಯಾರ್ಡು. ಈ ವಿಷಯ ತಿಳಿದು ಮನೆಗೆ ಬಂದ ನನ್ನ ತಮ್ಮ, ಭಾವ ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕಿತ್ತು ಅಕ್ಕ ಅಂದ. ಜನ್ಮದಲ್ಲಿ ಮೊದಲ ಸಲ ಅವನಿಗೆ ಊಟಕ್ಕೆ ಏಳು ಅನ್ನದೆ ಕಳಿಸಿದೆ. ಅವನು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ. ಸಿಟ್ಟಿಗೋ ದುಃಖಕ್ಕೋ ಅಂತ ಬೇರೆ ಮಾಡಿ ಹೇಳಲಾರೆ.

ಶನಿವಾರ ಸಂಜೆ ಇವರ ಕೊನೆಯ ಟ್ರಿಪ್ಪು. ಅಂಗಡಿಯಲ್ಲಿ ಅರ್ಧ ಗಂಟೆ ಮೊದಲೇ ಕೇಳಿಕೊಂಡು ಬಂದು ಅದೇ ಬಸ್ಸು ಹತ್ತಿದೆ. ಜನ ಗಿಜಿಗಿಜಿ ಅನ್ನುತ್ತಿದ್ದರು. ಸ್ಟಾಪಿನಿಂದ ಸ್ಟಾಪಿಗೆ ಇವರು ಏಳುವುದು, ತಿರುಗುವುದು, ಯಂತ್ರ ಪೀಂ ಅನ್ನುವುದು ನಡೆದೇ ಇತ್ತು. ಪಕ್ಕದಲ್ಲಿದ್ದ ಟೈ ಕಟ್ಟಿಕೊಂಡ ಮಹಾಶಯ, ಈ ಡ್ರೈವರಿಗೆ ಓಡಿಸೋಕೆ ಬರಲ್ಲ, ಯಂತ್ರವೇ ಬೈತಿದೆ ನೋಡಿ ಅಂದ. ಅವನಿಗೆ ಹೇಳಲು ಹೊರಟರೆ ಎಲ್ಲಿಂದ ಶುರುಮಾಡುವುದು ಅಂತ ತಿಳಿಯಲಿಲ್ಲ.

ನಮ್ಮ ಸ್ಟಾಪಿನಲ್ಲಿ ಹಿಂದಿನ ಬಾಗಿಲಿನಿಂದ ಇಳಿದೆ. ಬಾಗಿಲು ಮುಚ್ಚಿತು. ಗಾಜಿನ ಆಚೆ ಅಷ್ಟೂ ಜನರ ನಡುವೆ ಇವರು ಎದ್ದು, ತಿರುಗಿ, ನನ್ನ ಪಾದದಿಂದ ಹೆಗಲವರೆಗೆ ನೋಡಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಎತ್ತಿ ತೋರಿಸಿದೆ. ಆಮೇಲೆ ಬಸ್ಸು ಹೊರಟಿತು.