ವಿಮಾನವಿರುವವರ ಕಾರು

ಸ್ವಂತ ವಿಮಾನ ಇಟ್ಟುಕೊಂಡವರು ಎಂಥ ಕಾರಿನಲ್ಲಿ ಓಡಾಡುತ್ತಾರೆ ಎಂದು ಯಾರನ್ನಾದರೂ ಕೇಳಿ ನೋಡಿ. ಕಣ್ಣರಳಿಸಿ, ಮಾರುದ್ದದ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕಾರೊಂದನ್ನು ಹೇಳಿಬಿಡುತ್ತಾರೆ. ಸೀಟಿನಕ್ಕನನ್ನು ಕೇಳಿದರೆ ಮಾತ್ರ, ಹಲ್ಲಿನಲ್ಲಿ ಹಿಡಿದ ದಾರವನ್ನು ಕಚ್ಚಿ ತುಂಡರಿಸಿ, "ತಗಡಿನ ಡಬ್ಬ" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾಳೆ. ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಮದುವೆಯಾದಾಗಿನಿಂದ ಅಂಥದೇ ಒಂದು ಡಬ್ಬದಲ್ಲಿ ಗಂಡನ ಪಕ್ಕ ಕುಳಿತು ಓಡಾಡಿದವಳು.

ಕಾರುಗಳ ಸೀಟಿಗೆ ಹೊದಿಕೆ ಹೊಲಿಯುವುದು ಅವಳ ಕಸುಬು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸೀಟಿನಕ್ಕ. ಹೆದ್ದಾರಿ ಬಿಟ್ಟು ವಿಮಾನದ ಮೈದಾನದ ಕಡೆ ತಿರುಗುವ ಮೂಲೆಯಲ್ಲಿ, ಟೈರಿನ ಅಂಗಡಿಗೆ ಅಂಟಿಕೊಂಡಂತೆ ಅವಳ ಅಂಗಡಿ. ಒಳಗೆ ರೆಕ್ಸಿನ್ ಸುರುಳಿಗಳು, ಅಂಟಿನ ವಾಸನೆ, ನೆಲದ ತುಂಬ ಸ್ಪಂಜಿನ ಚೂರು, ದಪ್ಪ ಚರ್ಮವನ್ನೂ ಲೀಲಾಜಾಲವಾಗಿ ಹೊಲಿಯುವ ಹಳೆಯ ಮಶೀನು. ಮೈದಾನ ಎಂದರೆ ದೊಡ್ಡ ವಿಮಾನಗಳು ಇಳಿಯುವ ಜಾಗವಲ್ಲ. ಒಂದು ಡಾಂಬರು ಪಟ್ಟಿ, ತಗಡಿನ ಶೆಡ್ಡುಗಳ ಸಾಲು, ಗಾಳಿ ಯಾವ ಕಡೆಗಿದೆ ಎಂದು ತೋರಿಸಲು ಕಂಬಕ್ಕೆ ಕಟ್ಟಿದ ಒಂದು ಬಟ್ಟೆಯ ಚೀಲ. ಇಬ್ಬರೋ ನಾಲ್ವರೋ ಕೂರುವ ಪುಟ್ಟ ವಿಮಾನಗಳನ್ನು ಕಟ್ಟಿಕೊಂಡ ಹತ್ತಾರು ಮಂದಿ ರಜೆಯ ದಿನ ಅಲ್ಲಿ ಸೇರುತ್ತಿದ್ದರು. ಅವರಲ್ಲಿ ಅವಳ ಗಂಡನೂ ಒಬ್ಬ. ವಾರವೆಲ್ಲ ಊರವರ ನಿವೇಶನಕ್ಕೆ ಟೇಪು ಹಿಡಿಯುವ ಸರ್ವೇಯರ್, ರಜೆಯ ದಿನ ಆಕಾಶಕ್ಕೆ ಏಣಿ ಹಾಕುವವನು.

ಮೈದಾನಕ್ಕೆ ಹೋಗುವ ಪ್ರತಿ ಕಾರೂ ಅವಳ ಅಂಗಡಿ ಮುಂದೆಯೇ ಹಾಯಬೇಕಿತ್ತು. ಹಲ್ಲಿನ ಡಾಕ್ಟರದು ಡಿಕ್ಕಿಗೆ ಹಗ್ಗ ಬಿಗಿದ ಕಾರು. ಅವರ ವಿಮಾನದ ರೆಕ್ಕೆಯ ಮೇಲೆ ಮಾತ್ರ ಒಂದು ನೊಣ ಕೂತರೂ ಬಟ್ಟೆ ತೆಗೆದುಕೊಂಡು ಓಡುತ್ತಿದ್ದರು. ನಿವೃತ್ತ ಗಣಿತದ ಮೇಷ್ಟ್ರ ಕಾರಿಗೆ ಹಿಂದಕ್ಕೆ ಹೋಗುವ ಗೇರೇ ಬೀಳುತ್ತಿರಲಿಲ್ಲ. ಎಲ್ಲಿ ನಿಲ್ಲಿಸಿದರೆ ಮುಂದಕ್ಕೇ ಹೊರಡಬಹುದು ಎಂದು ಲೆಕ್ಕ ಹಾಕಿ ನಿಲ್ಲಿಸುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯ ಅಣ್ಣ ತಮ್ಮಂದಿರು ಬಣ್ಣದ ಡಬ್ಬಗಳ ನಡುವೆ ಮುದುಡಿಕೊಂಡು ಸರಕಿನ ವ್ಯಾನಿನಲ್ಲಿ ಬರುತ್ತಿದ್ದರು. ಇನ್ನು ಸರ್ವೇಯರ್ ಸಾಹೇಬರ ರಥ! ಎಡಗಡೆ ಬಾಗಿಲನ್ನು ಹೊರಗಿನಿಂದ ಯಾರಾದರೂ ತೆಗೆಯಬೇಕು. ಕಾಲ ಕೆಳಗಿನ ತೂತಿನಲ್ಲಿ ರಸ್ತೆ ಓಡುವುದು ಕಾಣುತ್ತಿತ್ತು. ರೇಡಿಯೇಟರ್ ಸೋರುತ್ತದೆಂದು ಹಿಂದುಗಡೆ ಸದಾ ನೀರಿನ ಕ್ಯಾನುಗಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಇದು ಬಡತನದ ಮಾತಾಗಿದ್ದರೆ ಅವಳಿಗೆ ಬೇಸರವಿರುತ್ತಿರಲಿಲ್ಲ. ಅದು ಬಡತನವಲ್ಲ, ಒಣ ಜಂಬ. ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಚಹಾ ಹೀರುತ್ತ ಇವರು ಯಾರ ಕಾರು ಹೆಚ್ಚು ಹಾಳಾಗಿದೆ ಎಂದು ಪೈಪೋಟಿ ನಡೆಸುತ್ತಿದ್ದರು. ಕಾರು ಕೆಟ್ಟಷ್ಟೂ ಮಾಲೀಕ ಅಸಲಿ ಹಾರಾಟಗಾರ ಎಂದು ಅವರ ಶಾಸ್ತ್ರ. ಒಬ್ಬ ಕಂಟ್ರಾಕ್ಟರ್ ಹೊಸ ಕಪ್ಪು ಕಾರಿನಲ್ಲಿ ಬರುತ್ತಿದ್ದ. "ಇವನು ಹಾರೋಕೆ ಬಂದೋನಲ್ಲ, ತೋರ್ಸೋಕೆ ಬಂದೋನು" ಎಂದು ಅವನಿಗೆ ಬೆಂಚಿನಲ್ಲಿ ಜಾಗವನ್ನೇ ಕೊಡುತ್ತಿರಲಿಲ್ಲ. ಪಾಪ, ಅವನು ತನ್ನ ಚಹಾವನ್ನು ಕಾರಿನಲ್ಲೇ ಕುಳಿತು ಕುಡಿಯುತ್ತಿದ್ದ.

ಸೀಟಿನಕ್ಕ ಒಮ್ಮೆ ತನ್ನ ಕಾರಿನ ಹರಕು ಸೀಟುಗಳಿಗೆ ಬೂದು ಬಣ್ಣದ ಹೊದಿಕೆ ಹೊಲಿದು ಹಾಕಿದಳು. ಅಂಚಿಗೆ ಕೆಂಪು ಪೈಪಿಂಗ್ ಕೂಡ ಕೊಟ್ಟಿದ್ದಳು. ಊರವರ ಸೀಟೆಲ್ಲ ಹೊಲಿದು, ತಾನು ಮಾತ್ರ ಎದ್ದ ಸ್ಪ್ರಿಂಗಿನ ಮೇಲೆ ಕೂತು ಕೂತು ಅವಳಿಗೆ ಸಾಕಾಗಿತ್ತು. ಗಂಡ ಆ ಕಾರಿನಲ್ಲಿ ಮೈದಾನಕ್ಕೆ ಹೋಗಿ, ಸಂಜೆ ಮುಖ ಗಂಟು ಹಾಕಿಕೊಂಡು ಬಂದ.

"ಏನಿದು ಮದುವೆ ದಿಬ್ಬಣದ ಕಾರಾ ಅಂತ ಎಲ್ರೂ ನಕ್ರು. ಯಾರು ಹೇಳಿದ್ರು ನಿನಗೆ ಇದನ್ನ ಹೊಲಿ ಅಂತ?"

"ನನ್ನ ಬೆನ್ನು ಹೇಳ್ತು" ಎಂದಳು ಅವಳು.

ಮರುದಿನ ಹೊದಿಕೆಗಳು ಬಿಚ್ಚಿ ಅಂಗಡಿಯ ಮೂಲೆಗೆ ಬಿದ್ದವು. ಅದೇ ವಿಮಾನದ ಸೀಟಾದರೆ ಬೆಂಕಿ ಹತ್ತದ ಬಟ್ಟೆಯೇ ಬೇಕೆಂದು ತುಣುಕಿಗೆ ಕಡ್ಡಿ ಗೀರಿ ನೋಡುತ್ತಿದ್ದ. ಹೊಲಿಗೆ ಒಂದು ದಾರದಷ್ಟು ಡೊಂಕಾದರೂ ಬಿಚ್ಚಿಸುತ್ತಿದ್ದ. ಹಾರುವ ಮೊದಲು ವಿಮಾನದ ಸುತ್ತ ನಡೆದು, ಒಂದೊಂದು ತಿರುಪನ್ನೂ ಬೆರಳಿನಿಂದ ಮುಟ್ಟಿ ನೋಡುವಾಗ ಅವನ ಮುಖ ಎಷ್ಟು ಮೃದುವಾಗುತ್ತಿತ್ತೆಂದರೆ, ನೋಡುವವಳಿಗೆ ಹೊಟ್ಟೆ ಉರಿಯುತ್ತಿತ್ತು. ಆ ಮುಖ ಮನೆಗೆಂದೂ ಬಂದದ್ದಿಲ್ಲ.

ಹಾಗಾದರೆ ಅವಳು ಇದಕ್ಕೆಲ್ಲ ಯಾಕೆ ಒಪ್ಪಿಕೊಂಡಿದ್ದಳು? ಅಕ್ಕನಿಗಾಗಿ. ತಾಯಿಯಿಲ್ಲದ ಅವಳನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ಆಕೆ ಇದ್ದದ್ದು ಬೆಟ್ಟದ ಆಚೆಯ ಊರಿನಲ್ಲಿ. ರಸ್ತೆ ಬೆಟ್ಟವನ್ನು ಸುತ್ತಿ ಸುತ್ತಿ ಹತ್ತುವುದರಿಂದ ಹೋಗುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ವಿಮಾನ ಕೊಳ್ಳುವಾಗ ಗಂಡ ನಕ್ಷೆ ಹರಡಿ, ಈ ಊರಿಂದ ಆ ಊರಿಗೆ ಸ್ಕೇಲಿನಿಂದ ನೇರ ಗೆರೆ ಎಳೆದು ತೋರಿಸಿದ್ದ. "ನೋಡು, ಅಲ್ಲೂ ಇಂಥದೇ ಒಂದು ಡಾಂಬರು ಪಟ್ಟಿ ಇದೆ, ಹೀಗೆ ಹತ್ತಿ ಹೀಗೆ ಇಳಿಯೋದು. ಬೆಳಿಗ್ಗೆ ಹೋಗಿ ಅಕ್ಕನ್ನ ಮಾತಾಡಿಸ್ಕೊಂಡು ಮಧ್ಯಾಹ್ನಕ್ಕೆ ಅಂಗಡಿ ತೆಗೀಬಹುದು." ಆ ಗೆರೆಗೆ ಅವಳು ಮರುಳಾದಳು. ಆಮೇಲೆ ಊರಿನ ಮೇಲೆ ಎಷ್ಟೋ ಸುತ್ತು ಹಾಕಿದರು, ಅಕ್ಕನ ಊರಿಗೆ ಒಮ್ಮೆಯೂ ಹೋಗಲಿಲ್ಲ. ಒಂದು ಸಲ ಗಾಳಿ ಜೋರು, ಇನ್ನೊಂದು ಸಲ ಎಂಜಿನ್ನಿನಲ್ಲಿ ಏನೋ ಸದ್ದು. "ನಿನ್ನ ಗಂಡನ ವಿಮಾನಕ್ಕೆ ನಮ್ಮೂರೊಂದು ಕಣ್ಣಿಗೆ ಬೀಳಲ್ವೇನೇ?" ಎಂದು ಅಕ್ಕ ಫೋನಿನಲ್ಲಿ ನಗುತ್ತಿದ್ದಳು.

ಒಂದು ಗುರುವಾರ ಅಕ್ಕನ ಮಗಳು ಫೋನು ಮಾಡಿದಳು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಡಾಕ್ಟರು ಇನ್ನೊಂದು ವಾರ ಇದ್ದರೆ ಹೆಚ್ಚು ಎಂದಿದ್ದಾರೆ, ನಿನ್ನ ಚಿಕ್ಕಮ್ಮ ಎಲ್ಲಿ ಎಂದು ಅಮ್ಮ ಕೇಳುತ್ತಲೇ ಇದ್ದಾರೆ ಎಂದಳು. ಸೀಟಿನಕ್ಕ ಮಶೀನಿಗೆ ಬಟ್ಟೆ ಮುಚ್ಚಿ, ಕೈಚೀಲಕ್ಕೆ ಎರಡು ಸೀರೆ ತುರುಕಿಕೊಂಡು ಬಸ್ಸಿಗೆ ಹೊರಟು ನಿಂತಳು. ಗಂಡ ಬಾಗಿಲಲ್ಲೇ ತಡೆದ.

"ಈಗ ಬಸ್ಸಲ್ಲಿ ಯಾಕೆ ಒದ್ದಾಡ್ತೀಯ? ವಿಮಾನದ ವರ್ಷದ ತಪಾಸಣೆ ನಾಳೆ ಮುಗಿಯುತ್ತೆ. ಶನಿವಾರ ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ. ಈ ಸಲ ಖಂಡಿತ."

"ಅಕ್ಕ ಕಾಯ್ತಾಳೇನ್ರೀ?"

"ಒಂದು ವಾರ ಅಂದಿದಾರಲ್ಲ. ಅಕ್ಕನಿಗೂ ಸಂತೋಷವಾಗುತ್ತೆ, ತಂಗಿ ವಿಮಾನದಲ್ಲಿ ಬಂದ್ಲು ಅಂತ."

ಅವಳು ಚೀಲ ಕೆಳಗಿಟ್ಟಳು. ಆ ಮಾತಿನಲ್ಲಿ ತನಗೂ ಒಂದು ಆಸೆ ಹುಟ್ಟಿತ್ತು ಎಂಬುದನ್ನು ಅವಳು ಇವತ್ತಿಗೂ ತನಗೆ ತಾನೇ ಕ್ಷಮಿಸಿಕೊಂಡಿಲ್ಲ. ಅಕ್ಕನ ಮಗಳಿಗೆ ಫೋನು ಮಾಡಿ, ಶನಿವಾರ ವಿಮಾನದಲ್ಲಿ ಬರುತ್ತೇವೆ, ಅಮ್ಮನಿಗೆ ಹೇಳು ಎಂದಳು.

ಶನಿವಾರ ಬೆಳಿಗ್ಗೆ ಮೋಡ ಶೆಡ್ಡಿನ ತಗಡನ್ನು ಸವರುವಷ್ಟು ಕೆಳಗಿಳಿದಿತ್ತು. ಕಂಬದ ಮೇಲಿನ ಚೀಲವೂ ಕಾಣುತ್ತಿರಲಿಲ್ಲ. ಗಂಡ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದ. ಬಿಟ್ಟು ಬಿಟ್ಟು ನೋಡಿದ. ವಿಮಾನದ ವಿಷಯದಲ್ಲಿ ಅವನಷ್ಟು ಹುಷಾರಿನ ಮನುಷ್ಯ ಇನ್ನೊಬ್ಬನಿರಲಿಲ್ಲ. "ಇದರಲ್ಲಿ ಹಾರಿದ್ರೆ ಬೆಟ್ಟಕ್ಕೆ ಗುದ್ದೋದೇ. ಆಗಲ್ಲ" ಎಂದ. ಆ ಮಾತು ಸರಿಯೇ. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಸಂಕಟ. ಬೆಳಗಿನ ಬಸ್ಸು ಆಗಲೇ ಹೋಗಿತ್ತು. ಇಬ್ಬರೂ ಕಾರು ಹತ್ತಿದರು.

ಬೆಟ್ಟದ ಬುಡದವರೆಗೆ ಕಾರು ಹೇಗೋ ಬಂತು. ಏರು ಶುರುವಾದ ಮೇಲೆ ಮೂರನೆಯ ತಿರುವಿನಲ್ಲಿ ಮೂತಿಯಿಂದ ಹಬೆ ಎದ್ದು, ಗಾಜಿನಾಚೆ ಏನೂ ಕಾಣದಾಯಿತು. ಅವನು ಇಳಿದು ನೀರು ಸುರಿದ. ಮೇಲಿನಿಂದ ಹೊಯ್ದದ್ದೆಲ್ಲ ಕೆಳಗಿನಿಂದ ರಸ್ತೆಗೆ ಹರಿಯಿತು. ಪೈಪು ಸೀಳಿತ್ತು. ಅವಳು ಒಳಗಿನಿಂದ ಬಾಗಿಲು ಬಡಿದಳು, ಅವನಿಗೆ ಕೇಳಿಸಲಿಲ್ಲ. ಕೊನೆಗೆ ಅವನ ಸೀಟಿನ ಮೇಲೆ ತೆವಳಿ, ಆ ಕಡೆಯ ಬಾಗಿಲಿನಿಂದ ಇಳಿದಳು.

"ಹತ್ತು ನಿಮಿಷ ತಣ್ಣಗಾಗ್ಲಿ, ಬಟ್ಟೆ ಸುತ್ತಿ ನೋಡ್ತೀನಿ" ಎಂದ.

"ವಿಮಾನದ ಪೈಪಿಗೂ ಬಟ್ಟೆ ಸುತ್ತುತ್ತೀರೇನ್ರೀ?"

ಅವನು ಕ್ಯಾನು ಹಿಡಿದು ಮತ್ತೆ ಎಂಜಿನ್ನಿನ ಮೇಲೆ ಬಾಗಿದ. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಒಂದು ಬಸ್ಸು ಏದುಸಿರು ಬಿಡುತ್ತ ಬಂತು. ಅವಳು ನಡುರಸ್ತೆಯಲ್ಲಿ ನಿಂತು ಎರಡೂ ಕೈ ಎತ್ತಿ ಅಡ್ಡಗಟ್ಟಿದಳು. ಗಂಡನನ್ನು ಅಲ್ಲೇ ಬಿಟ್ಟು ಹತ್ತಿದಳು. ಸೀಟು ಸಿಗಲಿಲ್ಲ. ಬೆಟ್ಟ ಇಳಿಯುವವರೆಗೂ ಕಂಬಿ ಹಿಡಿದು ನಿಂತು, ಇದೇ ಬಸ್ಸಿನಲ್ಲಿ ಗುರುವಾರವೇ ಬರಬಹುದಾಗಿತ್ತಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಅಕ್ಕನ ಮಗಳ ಅಳು ಕೇಳಿಸಿತು. ಅಕ್ಕ ಮಂಚದ ಮೇಲೆ ಕಿಟಕಿಯ ಕಡೆ ಹೊರಳಿ ಮಲಗಿದ್ದಳು. ಕೈ ಮುಟ್ಟಿದರೆ ಇನ್ನೂ ಬಿಸಿಯಿತ್ತು.

"ಯಾಕಮ್ಮ ಆ ಕಡೆ ಮಲಗಿಸಿದ್ದೀರಿ?" ಎಂದು ಕೇಳಿದಳು. ಏನು ಕೇಳಬೇಕೆಂದು ತಿಳಿಯದೆ ಕೇಳಿದ ಮಾತದು.

"ಅಮ್ಮನೇ ಮಂಚ ತಿರುಗಿಸಿ ಅಂದ್ರು ಚಿಕ್ಕಮ್ಮ. ನೀವು ವಿಮಾನದಲ್ಲಿ ಬರ್ತೀರ ಅಂತ ಹೇಳಿದ್ನಲ್ಲ, ಬೆಳಿಗ್ಗೆಯಿಂದ ಆಕಾಶಾನೇ ನೋಡ್ತಿದ್ರು."

ಅವಳು ಅಕ್ಕನ ಕಾಲ ಬಳಿ ನೆಲದ ಮೇಲೆ ಕುಸಿದು ಕುಳಿತಳು. ಗಂಡ ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನೂ ಅತ್ತ. ಸುಳ್ಳು ಯಾಕೆ ಹೇಳಬೇಕು, ನಿಜವಾಗಿಯೇ ಅತ್ತ.

ತಿಂಗಳು ಕಳೆದು ಅವಳು ಮತ್ತೆ ಅಂಗಡಿ ತೆರೆದಳು. ಹಲ್ಲಿನ ಡಾಕ್ಟರ ವಿಮಾನದ ಸೀಟೊಂದು ಅರ್ಧಕ್ಕೆ ನಿಂತಿತ್ತು. ಮುಗಿಸಿ, ಟೈರಿನ ಅಂಗಡಿಯವನ ಕೈಗಾಡಿಯಲ್ಲಿಟ್ಟು ತಾನೇ ಮೈದಾನಕ್ಕೆ ತಳ್ಳಿಕೊಂಡು ಹೋದಳು. ಶೆಡ್ಡಿನ ಪಕ್ಕಕ್ಕೆ ಬಂದಾಗ ಬೆಂಚಿನ ಕಡೆಯಿಂದ ಗಂಡನ ದನಿ ಕೇಳಿಸಿತು. ಮನೆಯಲ್ಲಿ ಒಂದೊಂದು ಮಾತನ್ನೂ ತೂಗಿ ಆಡುತ್ತಿದ್ದವನು ಅಲ್ಲಿ ಲಹರಿಯಲ್ಲಿದ್ದ.

"ಮೂರನೇ ತಿರುವಿಗೆ ಬಂದೆ ನೋಡಿ, ಬುಸ್ಸ್ ಅಂತ ಹಬೆ! ನೀರು ಹಾಕ್ತೀನಿ, ಅದು ಹಾಗೇ ಕೆಳಗೆ ಬರ್ತಿದೆ. ಇವಳು ಬಾಗಿಲು ತೆಗೆಯೋಕೂ ಆಗದೆ ನನ್ನ ಸೀಟು ದಾಟ್ಕೊಂಡು ಬಂದ್ಲು. ಆಮೇಲೇನಾಯ್ತು ಗೊತ್ತಾ? ಬಸ್ಸಿಗೆ ಅಡ್ಡ ನಿಂತು, ನನ್ನ ಅಲ್ಲೇ ಬಿಟ್ಟು ಹೊರಟೇ ಹೋದ್ಲು!"

ಬೆಂಚು ಘೊಳ್ಳೆಂದು ನಕ್ಕಿತು. "ಹೆಂಡತೀನೇ ಬಿಟ್ಟು ಹೋಗೋ ಕಾರು ಅಂದ್ರೆ ಮುಗೀತು, ಈ ವರ್ಷ ಗೆದ್ದೋನು ನೀನೇ" ಎಂದರು ಹಲ್ಲಿನ ಡಾಕ್ಟರು. ಯಾರೋ ಅವನ ಬೆನ್ನು ಚಪ್ಪರಿಸಿದರು. ಅವನು ನಾಚಿದವನಂತೆ ನಗುತ್ತ ಚಹಾದ ಲೋಟ ಎತ್ತಿದ.

ಅವಳು ಕೈಗಾಡಿಯನ್ನು ಅವರ ಮುಂದೆಯೇ ತಂದು ನಿಲ್ಲಿಸಿದಳು.

"ಎಲ್ಲಿಗೆ ಹೋಗ್ತಿದ್ವಿ ಅಂತ ಹೇಳ್ಲಿಲ್ವಲ್ರೀ. ಅದನ್ನೂ ಹೇಳಿ."

ನಗು ತಟ್ಟನೆ ನಿಂತಿತು. ಅವನ ಮುಖದ ಬಣ್ಣ ಇಳಿಯಿತು. ಗಣಿತದ ಮೇಷ್ಟ್ರು ಎದ್ದು ನಿಂತು, "ಎಲ್ಲಿಗಮ್ಮ?" ಎಂದರು. ಅವರಿಗೆ ಯಾರಿಗೂ ಗೊತ್ತೇ ಇರಲಿಲ್ಲ. ಇಡೀ ತಿಂಗಳು ಒಂದೇ ಬೆಂಚಿನಲ್ಲಿ ಕೂತವರಿಗೆ ಅವನು ಅಕ್ಕನ ಸಾವು ಹೇಳದೆ, ಕಾರಿನ ಕಥೆಯನ್ನಷ್ಟೇ ಉಳಿಸಿಕೊಂಡಿದ್ದ.

"ನನ್ನಕ್ಕ ಸಾಯ್ತಿದ್ಲು ಸಾರ್. ನೋಡೋಕೆ ಹೋಗ್ತಿದ್ವಿ. ಹೊತ್ತಿಗೆ ಮುಟ್ಟಲಿಲ್ಲ."

ಡಾಕ್ಟರು ಸೀಟಿನ ಹೊಲಿಗೆ ನೋಡುವವರಂತೆ ತಲೆ ತಗ್ಗಿಸಿದರು. ಅವಳು ಕೈಗಾಡಿಯನ್ನು ಅಲ್ಲೇ ಬಿಟ್ಟು ತಿರುಗಿ ನಡೆದಳು. ಗೇಟಿನ ಬಳಿ ಕಪ್ಪು ಕಾರಿನ ಬಾಗಿಲು ತೆರೆದು ಕಂಟ್ರಾಕ್ಟರ್, "ಬನ್ನಿ ಅಕ್ಕ, ಅಂಗಡಿವರೆಗೆ ಬಿಡ್ತೀನಿ" ಎಂದ. ಅವಳು ಹತ್ತಿದಳು. ಅಂಥ ಮೆತ್ತನೆಯ ಸೀಟಿನಲ್ಲಿ ಅವಳು ಕುಳಿತದ್ದು ಅದೇ ಮೊದಲು. ಕೈ ಅಭ್ಯಾಸಬಲದಿಂದ ಹೊಲಿಗೆಯ ಅಂಚನ್ನು ಹುಡುಕಿತು. ಈ ಕಾರಾಗಿದ್ದರೆ ಆ ಬೆಟ್ಟ ಏನು ಮಹಾ ಎನ್ನಿಸಿದ್ದೇ ತಡ, ದುಃಖ ಒತ್ತರಿಸಿ ಬಂತು. ಆಸ್ಪತ್ರೆಯಲ್ಲೂ ಬಾರದಿದ್ದ ಅಳು ಪರರ ಕಾರಿನಲ್ಲಿ ಬಂತು. ಕಂಟ್ರಾಕ್ಟರ್ ನಿಧಾನಕ್ಕೆ ಓಡಿಸಿದ.

ಆ ಮೇಲೆ ಗಂಡ ಡಬ್ಬವನ್ನು ಗುಜರಿಗೆ ಹಾಕಿ ಹೊಸ ಕಾರು ತಂದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅಂಗಡಿಯ ಮುಂದೆ ನಿಲ್ಲಿಸಿ ಒಳಗೆ ಬಂದು, ರೆಕ್ಸಿನ್ ಸುರುಳಿಗಳ ನಡುವೆ ತಪ್ಪು ಮಾಡಿದ ಹುಡುಗನಂತೆ ನಿಂತ. ಮೈದಾನದವರು ಏನಂದರೂ ಅನ್ನಲಿ ಎಂದ. ಕಾರಿನ ಕೀಲಿಯನ್ನು ಮಶೀನಿನ ಪಕ್ಕಕ್ಕಿಟ್ಟು, "ನಿನಗೋಸ್ಕರಾನೇ ತಗೊಂಡೆ ಕಣೆ. ಎಲ್ಲಿಗೆ ಹೋಗೋಣ ಹೇಳು. ನೀನು ಹೇಳಿದ ಕಡೆ, ಈಗ್ಲೇ ಹೋಗೋಣ" ಎಂದ.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿ, ತಲೆ ಎತ್ತದೆಯೇ ಹೇಳಿದಳು:

"ನನಗೆ ಹೋಗೋಕೆ ಅಂತ ಇದ್ದದ್ದು ಒಂದೇ ಊರು ಕಣ್ರೀ."

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಅವಳು ಮಶೀನು ತುಳಿದಳು.