ಮನೆಯಿಂದ ಮನೆಗೆ ಓಡಿದ ಗ್ಯಾಸ್‌ಲೈಟು

ಮೊನ್ನೆ ಕರೆಂಟು ಹೋದಾಗ ಪಕ್ಕದ ಮನೆಯವರು ಲಾಟೀನು ಹಚ್ಚಿದರು. ಸೀಮೆಎಣ್ಣೆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಬಾಗಿಲು ತೆಗೆದು ರಸ್ತೆಗೆ ಬಂದು ನಿಂತಿದ್ದೆ. ಇಷ್ಟು ವರ್ಷವಾದರೂ ಕಾಲು ತಾನಾಗಿಯೇ ಹೊರಗೋಡುತ್ತದೆ. ಆಗೆಲ್ಲ ದೋಣಿಗಲ್ ಕಡೆಯ ಎಸ್ಟೇಟಿನ ಆ ಮೇಸ್ತ್ರಿಯ ಮೇಲೆ ಸಿಟ್ಟು ಉಕ್ಕುತ್ತದೆ...

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಿ.ಎ. ಮುಗಿಸಿದ ನನಗೆ ಸಿಕ್ಕಿದ್ದು ಜೀವನಮಟ್ಟದ ಸರ್ವೆ ಕೆಲಸ. ಯಾವ ದೇಶದ ಜನ ಹೇಗೆ ಬದುಕುತ್ತಾರೆಂದು ಹೋಲಿಸಲು ಎಲ್ಲ ಕಡೆಯೂ ಅವೇ ಪ್ರಶ್ನೆಗಳು: ಮನೆಯಲ್ಲಿ ಯಾವ ದೀಪ, ನೀರು ಎಲ್ಲಿಂದ, ಹೆರಿಗೆಗೆ ಯಾರು ಬರುತ್ತಾರೆ. ಕೂಲಿಯವರು ತೋಟದಿಂದ ಮರಳುವ ಹೊತ್ತಿಗೆ, ಸಂಜೆ, ಅವರ ಲೈನಿನ ಸಾಲುಮನೆಗಳಿಗೆ ಹೋಗುತ್ತಿದ್ದೆ. ಇದನ್ನೆಲ್ಲ ಮೇಸ್ತ್ರಿಗೆ ಮೊದಲೇ ವಿವರಿಸಿದ್ದೇ ಎಡವಟ್ಟಾಯಿತು.

ಹೋದ ಮನೆಯಲ್ಲೆಲ್ಲ ಪಂಪು ಹೊಡೆದು ಉರಿಸುವ ಗ್ಯಾಸ್‌ಲೈಟು ಝಗಝಗಿಸುತ್ತಿತ್ತು. ಗಾಜಿನ ಬಿರುಕು ನೋಡಿದ ಮೇಲೆ ತಿಳಿಯಿತು, ಎಲ್ಲ ಕಡೆಯೂ ಅದೊಂದೇ, ಎಸ್ಟೇಟ್ ಸ್ಟೋರಿನ ದೀಪ. ನಾನು ಮುಂಬಾಗಿಲಿನಿಂದ ಹೊರಬಿದ್ದರೆ ಮೇಸ್ತ್ರಿ ಹಿಂಬಾಗಿಲಿನಿಂದ ಅದನ್ನು ಉರಿಯುತ್ತಿದ್ದಂತೆಯೇ ಹಿಡಿದುಕೊಂಡು ಮುಂದಿನ ಮನೆಗೆ ಓಡುತ್ತಿದ್ದ. ನೆಂಟರು ಬಂದರೆ ಒಬ್ಬರ ಚಾಪೆ, ಚೊಂಬು ಇನ್ನೊಬ್ಬರ ಮನೆಗೆ ಹೋಗುವುದು ಆ ಲೈನಿನ ರೂಢಿ. ಆತನ ಕಣ್ಣಿಗೆ ನಾನು ಬೇರೆ ದೇಶಗಳ ಕಡೆಯ ನೆಂಟ.

"ನಿಮ್ಮಲ್ಲಿ ಏನಿಲ್ಲ ಅಂತ ತಿಳಿಯೋಕೇ ನಾನು ಬಂದಿರೋದು ಮಾರಾಯ" ಎಂದು ರೇಗಿದೆ.

"ಎಲ್ಲಾದಕ್ಕೂ ಇಲ್ಲ ಅಂತ ಬರ್ಸಿ, ಆ ದೇಶದೋರೆಲ್ಲ ನಗೋ ಹಂಗೆ ಮಾಡ್ಬೇಕಾ ಬುದ್ಧಿ? ನಮಗೂ ಮಾನ ಐತೆ."

"ಮಾನ ಹೊತ್ಕಂಡು ಎಲ್ಲಾರ ಬಿದ್ದ್‌ಬುಟ್ಟೀಯ, ಕೆಳಗೆ ನೋಡ್ಕಂಡ್ ನಡಿ" ಎಂದು ಆತನ ಹೆಂಡತಿ ಅಣಕಿಸಿದಳು.

ಕೊನೆಯ ಮನೆಯಲ್ಲಿ ಆತನ ಮಗಳು ಬಾಣಂತಿ. ಹಿಂಬಾಗಿಲು ತೀರಾ ತಗ್ಗು. ಹುಲ್ಲಿನ ಸೂರಿಗೆ ತಗುಲಿದ ದೀಪ ಕೈಜಾರಿತು. ಚೆಲ್ಲಿದ ಸೀಮೆಎಣ್ಣೆಗೆ ಹತ್ತಿದ ಬೆಂಕಿ ಭಗ್ಗನೆ ಮೇಲೇರಿತು. ನಾನಿನ್ನೂ ಮುಂಬಾಗಿಲ ಹೊಸ್ತಿಲಲ್ಲಿದ್ದೆ. ಆತ ಆ ಉರಿಯೊಳಗಿಂದಲೇ ನುಗ್ಗಿ ಬಂದು ಕೂಸನ್ನು ನನ್ನ ಕೈಗೆ ತುರುಕಿದ. ಮತ್ತೆ ತಿರುಗಿ ಒಳಹೊಕ್ಕು ಮಗಳನ್ನು ಎಳೆದು ತಂದ. ಹಿಂದೆಯೇ ಮಾಡು ಕುಸಿಯಿತು... ಆ ಸದ್ದು ಈಗಲೂ ಕೇಳಿಸುತ್ತದೆ. ಕೂಸು ಎಷ್ಟು ಹಗುರವಿತ್ತೆಂಬುದೂ ನೆನಪಿದೆ.

ತಾಯಿ, ಮಗು ಉಳಿದರು. ಮೇಸ್ತ್ರಿಯನ್ನು ಕಾಫಿ ಲಾರಿಯಲ್ಲಿ ಮಲಗಿಸಿಕೊಂಡು ಸಕಲೇಶಪುರದ ಆಸ್ಪತ್ರೆಗೆ ಹೋದೆವು. ಎರಡೂ ತೋಳು, ಎದೆ ಸುಟ್ಟಿದ್ದವು.

ಮರುದಿನ ನೋಡಲು ಹೋದರೆ ಆತ ಕೇಳಿದ್ದೇನು?

"ಬುದ್ಧಿ, ಕೊನೇ ಮನೇಗೂ ಗ್ಯಾಸ್‌ಲೈಟು ಅಂತ್ಲೇ ಬರ್ಕಂಡ್ರಾ?"

"ಸುಮ್ಮನೆ ಮಲಗಯ್ಯ."

"ಹಂಗಲ್ಲ, ನಮ್ ದೇಶ ಎಷ್ಟನೇದಾಯ್ತು ಅಂತ."

ಆ ವಾರ ಕಳೆಯುವುದರೊಳಗೆ ಆತ ತೀರಿಕೊಂಡ.

ದೇಶದೇಶಗಳ ಜೀವನಮಟ್ಟ ಹೋಲಿಸುವ ಪಟ್ಟಿಗಳು ಈಗಲೂ ಪೇಪರಿನಲ್ಲಿ ಬರುತ್ತವೆ. ನನಗೆ ಅವುಗಳ ಮೇಲೆ ಒಂದಿಷ್ಟೂ ನಂಬಿಕೆಯಿಲ್ಲ. ಆದರೂ ಮೇಲಿನಿಂದ ಕೆಳಗೆ ಬೆರಳಿಟ್ಟು ನಮ್ಮ ದೇಶದ ಹೆಸರು ಹುಡುಕುತ್ತೇನೆ. ಸಿಕ್ಕಿದ ಮೇಲೆ ಹೇಳೋಣವೆಂದರೆ, ಅದನ್ನು ಕೇಳಿದವನೇ ಇಲ್ಲ.